ಎತ್ತಿ ಕುಡಿಯುವ ಮನೆಯಲ್ಲಿ ಒಂದು ಕೂಸು

ಲಗ್ಗೆರೆಯ ನಮ್ಮ ಹಳೆಯ ಮನೆಯಲ್ಲಿ ನೀರು ಕುಡಿಯುವುದೆಂದರೆ ಮೊದಲು ತಲೆಯನ್ನು ಹಿಂದಕ್ಕೆ ವಾಲಿಸುವುದು. ಲೋಟವನ್ನು ಬಾಯಿಯಿಂದ ಒಂದು ಗೇಣು ಮೇಲೆ ಹಿಡಿದು, ತುಟಿಗೆ ಸೋಕದಂತೆ, ಒಂದೇ ಧಾರೆಯಲ್ಲಿ ನೀರನ್ನು ಗಂಟಲಿಗೆ ಇಳಿಸಿಕೊಳ್ಳುವುದು. ಅಮ್ಮ ಬಿಸಿ ಕಾಫಿಯನ್ನೂ ಹಾಗೆಯೇ ಕುಡಿಯುತ್ತಿದ್ದಳು. ಒಂದು ಹನಿ ಗಲ್ಲಕ್ಕೆ ಜಾರಿದ್ದನ್ನು ನಾನು ಕಂಡಿಲ್ಲ. ಲೋಟಕ್ಕೆ ತುಟಿ ಹಚ್ಚುವುದಕ್ಕೆ ನಮ್ಮಲ್ಲಿ ಕಚ್ಚಿ ಕುಡಿಯುವುದು ಎನ್ನುತ್ತಾರೆ. ಚಿಕ್ಕಂದಿನಲ್ಲಿ ನಾನು ಹಾಗೆ ಕುಡಿದಾಗಲೆಲ್ಲ ಅಮ್ಮ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಲ್ವಾಟ ಕಚ್ಚಬ್ಯಾಡ ಕಣೇ, ಅದೇನು ಕಬ್ಬಾ?"

ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಮೂರಂತಸ್ತಿನ ಕಟ್ಟಡವಿದೆ. ಬಾಡಿಗೆಗೆ ಬಂದವರು ಲಿಫ್ಟ್ ಇಲ್ಲವೇ ಎಂದು ಕೇಳುತ್ತಾರೆ. ನನಗೆ ಮಾತ್ರ ಇಂದಿಗೂ ಕಣ್ಣು ಮುಚ್ಚಿದರೆ ಹಿತ್ತಲಿನ ನಲ್ಲಿ, ಅದರ ಪಕ್ಕದ ಒಗೆಯುವ ಕಲ್ಲು, ನುಗ್ಗೆಮರದ ಚೂರುಚೂರು ನೆರಳು ಕಾಣುತ್ತವೆ. ಆ ನೆರಳಿನಲ್ಲಿ ಚಾಪೆಯ ಮೇಲೆ ಕುಳಿತು, ಆಕಾಶಕ್ಕೆ ಬಾಯಿ ತೆರೆದು ಕಾಯುತ್ತಿರುವ ಒಂದು ಹೆಣ್ಣುಕೂಸು ಕಾಣುತ್ತದೆ.

ಲಗ್ಗೆರೆ ಹಳ್ಳಿಯಾಗಿದ್ದ ಕಾಲದಿಂದಲೂ ನಾವು ಅಲ್ಲಿಯವರು. ತಾತನ ರಾಗಿ ಹೊಲ ಸೈಟುಗಳಾಗಿ ಹಂಚಿಹೋದ ಮೇಲೆ ಉಳಿದದ್ದು ಮನೆ, ಹಿತ್ತಲು, ಹಿತ್ತಲಿನಲ್ಲಿ ಅಪ್ಪ ಬದುಕಿದ್ದಾಗ ಕಟ್ಟಿಸಿದ ಒಂದು ಸಾಲು ಬಾಡಿಗೆ ಕೋಣೆಗಳು. ಮೊದಲನೆಯ ಕೋಣೆಯಲ್ಲಿ ಯಾದಗಿರಿ ಕಡೆಯ ಗಂಡಹೆಂಡತಿ ಇದ್ದರು. ಆತ ಪೀಣ್ಯದ ಒಂದು ಎರಕದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಆಕೆ ಗಾರ್ಮೆಂಟ್ಸ್‌ನಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ನನಗಿಂತ ಬಹಳ ಚಿಕ್ಕವಳು, ಒಂದು ಹೆಣ್ಣುಕೂಸಿನ ತಾಯಿ. ನನ್ನನ್ನು ಅಕ್ಕಾರ ಎಂದೂ, ಅಮ್ಮನನ್ನು ಅಮ್ಮಾರ ಎಂದೂ ಕರೆಯುತ್ತಿದ್ದಳು.

ಅಮ್ಮ ಬಾಡಿಗೆಗೆ ಬಂದವರ ಜಾತಿಯನ್ನು ನೇರವಾಗಿ ಕೇಳುತ್ತಿರಲಿಲ್ಲ. "ಮನೆದ್ಯಾವ್ರು ಯಾವ್ದು? ಊರಲ್ಲಿ ಮನೆ ಎಲ್ಲಿ ಬತ್ತದೆ?" ಎಂದು ಕೇಳುತ್ತಿದ್ದಳು. ಹೀಗೆ ಸುತ್ತಿಬಳಸಿ ಕೇಳುವುದನ್ನು ನಮ್ಮ ಕಡೆಯ ಮನೆಮಾಲೀಕರು ಮರ್ಯಾದೆ ಎಂದು ತಿಳಿದಿದ್ದಾರೆ. ಅದು ಮರ್ಯಾದೆಯಲ್ಲ, ತಾರತಮ್ಯ. ಊರ ಹೊರಗಿನ ಕೇರಿಯವರೆಂದು ತಿಳಿದ ಮೇಲೂ ಅಮ್ಮ ಆ ದಂಪತಿಗೆ ಕೋಣೆ ಕೊಟ್ಟಳು ಎಂಬುದು ನಿಜ. ಅವರಿಗೆ ಕಾಫಿ ಕೊಡುವ ಲೋಟವನ್ನು ಅಡುಗೆಮನೆಯ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಳು ಎಂಬುದೂ ನಿಜ. ಎರಡನೆಯದಕ್ಕೆ ಅಸ್ಪೃಶ್ಯತೆ ಎಂಬ ಹೆಸರಿದೆ; ನನ್ನ ತಾಯಿ ಮಾಡಿದಳೆಂದು ನಾನು ಅದಕ್ಕೆ ಬೇರೆ ಹೆಸರನ್ನು ಹುಡುಕುವುದಿಲ್ಲ. ಈ ಬಗ್ಗೆ ನಾವಿಬ್ಬರೂ ಎಷ್ಟೋ ಸಲ ಜಗಳವಾಡಿದ್ದೇವೆ. "ನಿನ್ನ ಭಾಷಣ ಪೀಣ್ಯದಾಗೆ ಮಾಡ್ಕೋ, ನನ್ನ ಅಡಿಗೆಮನೇಲಿ ಬ್ಯಾಡ" ಎಂದು ಅಮ್ಮ ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಿದ್ದಳು.

ನನ್ನ ಭಾಷಣ ಪೀಣ್ಯದಲ್ಲಿಯೂ ಇತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಒಂದು ಸಣ್ಣ ಸಂಘಟನೆಗಾಗಿ ನಾನು ಟಿ. ದಾಸರಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದೆ. ಶಿಶುವಿಹಾರದ ಹಕ್ಕು ನಮ್ಮ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ಈ ಎಳೆಯ ತಾಯಿಯ ಕಾರ್ಖಾನೆಯಲ್ಲಿಯೂ ಕಾನೂನಿನ ಪ್ರಕಾರ ಶಿಶುವಿಹಾರವಿತ್ತು. ಗೋಡೆಯ ಮೇಲೆ ಜಿರಾಫೆಯ ಚಿತ್ರವಿತ್ತು, ತೊಟ್ಟಿಲುಗಳಿದ್ದವು, ಬಾಗಿಲಿಗೆ ಬೀಗವಿತ್ತು. ಹೊರದೇಶದ ಖರೀದಿದಾರರ ಕಡೆಯವರು ತಪಾಸಣೆಗೆ ಬಂದ ದಿನ ಬೀಗ ತೆಗೆಯುತ್ತಿದ್ದರು. ಉಳಿದ ದಿನಗಳಲ್ಲಿ ಅಲ್ಲಿ ರಟ್ಟಿನ ಪೆಟ್ಟಿಗೆಗಳು ಮಲಗಿರುತ್ತಿದ್ದವು. ಆಕೆಯ ಹೆರಿಗೆ ರಜೆ ಮುಗಿದಿತ್ತು. ಸಂಬಳವಿಲ್ಲದೆ ಪಡೆದ ರಜೆಯೂ ಮುಗಿಯುತ್ತಾ ಬಂದಿತ್ತು. ಬರುವ ಸೋಮವಾರ ಹಾಜರಾಗದಿದ್ದರೆ ಮಿಷನ್ ಬೇರೆಯವರಿಗೆ ಕೊಡುತ್ತೇವೆ ಎಂದು ಸೂಪರ್‌ವೈಸರ್ ಫೋನಿನಲ್ಲಿ ತಿಳಿಸಿದ್ದ.

ಆಗ ಕೂಸು ಕೂರಲು ಕಲಿತು ಅಂಬೆಗಾಲಿಗೆ ಹವಣಿಸುತ್ತಿತ್ತು. ತಾಯಿಯ ಎದೆಹಾಲನ್ನು ಬಿಟ್ಟು ಬೇರೇನನ್ನೂ ಬಾಯಿಗೆ ಸೇರಿಸುತ್ತಿರಲಿಲ್ಲ. ಅದರ ಅಪ್ಪ ಒಂದು ತೀರ್ಮಾನಕ್ಕೆ ಬಂದಿದ್ದ. ಒಂದು ಸಂಜೆ ನಲ್ಲಿಯ ಹತ್ತಿರ ಕೈಗೆ ಮೆತ್ತಿದ ಮಸಿ ತೊಳೆಯುತ್ತಾ ನನಗೆ ಹೇಳಿದ:

"ನಮ್ಮವ್ವಗ ಫೋನ್ ಮಾಡೀನ್ರೀ ಅಕ್ಕಾರ. ಬಂದು ಕೂಸಿನ ಊರಿಗೆ ಒಯ್ತಾಳ."

"ಎದೆಹಾಲು ಕುಡಿಯುವ ಮಗುವನ್ನು ತಾಯಿಯಿಂದ ಅಗಲಿಸುವುದು ತಪ್ಪಲ್ಲವೇನಪ್ಪ?" ಎಂದೆ.

"ತಪ್ಪೇನ್ ಬಂತ್ರೀ? ನಮ್ಮಪ್ಪ ನಮ್ಮವ್ವ ನನ್ನ ನಮ್ಮ ಆಯಿ ಬಲ್ಲಿ, ಅಂದ್ರ ಅಜ್ಜಿ ಬಲ್ಲಿ ಬಿಟ್ಟು ಮುಂಬೈಗೆ ದುಡೀಲಿಕ್ಕೆ ಹೋಗಿದ್ರು. ನಾ ಏನ್ ಸತ್ನೇನು?" ಆತ ನಕ್ಕ. ಕೈ ಉಜ್ಜುತ್ತಲೇ, "ಅವ್ವ ಬಂದಾಗ ಗುರ್ತ ಹಿಡೀಲಿಲ್ಲಂತ ನೋಡ್ರಿ. ಆಯಿ ಹಿಂದ ಹೋಗಿ ನಿಂತ್ನಂತ" ಎಂದು ಸೇರಿಸಿದ.

ಬಾಗಿಲಿನಲ್ಲಿ ನಿಂತಿದ್ದ ಅವನ ಹೆಂಡತಿ ಒಳಗೆ ಹೋದಳು. ಆ ಮಾತನ್ನು ಆಕೆ ಮೊದಲೂ ಕೇಳಿದ್ದಿರಬೇಕು.

ಎಷ್ಟು ಮನೆಗಳಲ್ಲಿ ಇದು ಸಹಜವೆಂಬಂತೆ ನಡೆದುಹೋಗುತ್ತದೆ! ತಾಯಿ ಪೀಣ್ಯದಲ್ಲಿ, ಕೂಸು ಯಾವುದೋ ದೂರದ ಹಳ್ಳಿಯಲ್ಲಿ. ನಡುವೆ ಒಂದು ಫೋನಿನ ಪರದೆ. ವಲಸೆಯನ್ನು ಅಂಕಿಗಳಲ್ಲಿ ಬರೆಯುವವರು ಈ ಅಗಲಿಕೆಯನ್ನು ಬರೆಯುವುದಿಲ್ಲ. ಅಂದು ರಾತ್ರಿ ಊಟ ಬಡಿಸುವಾಗ ನಾನು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಮುದ್ದೆ ಮುರಿಯುತ್ತಾ ಕೇಳಿಸಿಕೊಂಡಳು. ಬೆಳಗ್ಗೆ ಎದ್ದವಳೇ ಹಿತ್ತಲಿಗೆ ಹೋಗಿ ಆ ತಾಯಿಗೆ ಹೇಳಿದಳು:

"ಮಗೂನ ಊರಿಗ್ಯಾಕವ್ವ ಕಳಿಸ್ತೀಯ? ನಾನೇ ನೋಡ್ಕೊತೀನಿ ಬಿಡು. ಮನೇಲಿ ಕುಂತು ಏನು ಕಡಿದು ಕಟ್ಟೆ ಹಾಕ್ತಾ ಇದೀನಿ?"

ನನಗೆ ಸಂತೋಷವಾಯಿತು, ಆಶ್ಚರ್ಯವೂ ಆಯಿತು. ಅದು ಮುಖದಲ್ಲಿ ಕಂಡಿರಬೇಕು. "ಅಂಗ್ಯಾಕೆ ನೋಡ್ತೀಯ? ಹಾಲು ಕುಡಿಯೋ ಕೂಸಿಗೆ ಮೈಲಿಗೆ ಇಲ್ಲ" ಎಂದಳು.

"ಮೈಲಿಗೆ ಯಾರಿಗೂ ಇಲ್ಲ ಕಣಮ್ಮ" ಎಂದೆ.

"ಸುರು ಆಯ್ತಾ ನಿಂದು!"

ಕೂಸಿನ ಅಪ್ಪ ಒಪ್ಪಿದ, ಒಂದು ಷರತ್ತಿನೊಡನೆ. ಸೋಮವಾರ ನೋಡೋಣ, ಕೂಸು ಹಗಲು ಹೊಟ್ಟೆಗೆ ಏನೂ ತೆಗೆದುಕೊಳ್ಳದಿದ್ದರೆ ಮರುದಿನವೇ ತನ್ನವ್ವ ರೈಲು ಹತ್ತುತ್ತಾಳೆ. ಕೇಳಿದರೆ ನ್ಯಾಯವೆನ್ನಿಸುವ ಮಾತು. ಹಸಿದ ಮಗುವನ್ನು ಯಾವ ತಂದೆ ತಾನೇ ಪಂದ್ಯಕ್ಕಿಡುತ್ತಾನೆ?

ಹೀಗೆ ಆ ವಾರ ಹಿತ್ತಲಿನಲ್ಲಿ ಕೂಸಿಗೆ ಕುಡಿಯುವುದನ್ನು ಕಲಿಸುವ ಕೆಲಸ ಶುರುವಾಯಿತು. ಮೊದಲು ಬಂದದ್ದು ಪ್ಲಾಸ್ಟಿಕ್ ಬಾಟಲಿ, ಅಪ್ಪ ತಂದದ್ದು. ನನಗೆ ಅದು ಸಮ್ಮತವಿರಲಿಲ್ಲ. ಟ್ಯಾಂಕರ್ ನೀರಿನ ಓಣಿಯಲ್ಲಿ ಬಾಟಲಿಯ ನಿಪ್ಪಲ್ಲನ್ನು ಶುಚಿಯಾಗಿಡುವುದು ಎಷ್ಟು ಕಷ್ಟವೆಂಬುದನ್ನು ಹೇಳದೆ, ದುಂಡು ಕೆನ್ನೆಯ ಮಗುವಿನ ಚಿತ್ರ ತೋರಿಸಿ ಮಾರುವ ವ್ಯಾಪಾರವನ್ನು ನಾನು ಮೋಸವೆಂದೇ ಕರೆಯುತ್ತೇನೆ. ಆದರೆ ವಾದಕ್ಕೆ ಅವಕಾಶವೇ ಬರಲಿಲ್ಲ. ಕೂಸು ನಿಪ್ಪಲ್ಲನ್ನು ಒಮ್ಮೆ ನಾಲಿಗೆಯಿಂದ ಮುಟ್ಟಿ, ಬೇವಿನೆಲೆ ಸಿಕ್ಕಿತೆಂಬಂತೆ ಮುಖ ಕಿವಿಚಿ ಹೊರಗೆ ದಬ್ಬಿತು.

ಆಮೇಲೆ ಅಮ್ಮ ಟ್ರಂಕಿನಿಂದ ಬೆಳ್ಳಿಯ ಒಳಲೆಯನ್ನು ತೆಗೆದಳು. ಉದ್ದ ಮೂತಿಯ ಆ ಪುಟ್ಟ ಬಟ್ಟಲಿನಲ್ಲೇ ನನಗೂ ಹಾಲು ಹುಯ್ದಿದ್ದಳಂತೆ. ಕಾಲು ನೀಡಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಅಂಗಾತ ಮಲಗಿಸಿ, ಒಳಲೆಯನ್ನು ಬಾಯಿಗಿಟ್ಟು ಬಗ್ಗಿಸಿದಳು. ಕೂಸು ಕೆಮ್ಮಿತು, ಕೆಂಪಾಯಿತು, ಕಿರುಚಿತು. ತಾಯಿ ಓಡಿಬಂದು ಎತ್ತಿಕೊಂಡಳು. ಮಲಗಿಸಿ ಸುರಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆ, ಒಲ್ಲೆನೆನ್ನುವ ಮಗುವಿಗೆ ಹಾಗೆ ಹುಯ್ಯುವುದು ಬಲಾತ್ಕಾರ ಎಂದು ನಾನು ಹೇಳಿದೆ. ಅಮ್ಮ ಒಳಲೆ ತೊಳೆಯುತ್ತಾ, "ಅಂಗೇ ಹುಯ್ದು ಹುಯ್ದೇ ನಿನಗೆ ಇಷ್ಟುದ್ದ ಬಾಯಿ ಬಂದಿರೋದು" ಎಂದಳು. ಆ ತಾಯಿ ಅಳುವಿನ ನಡುವೆಯೂ ಕಿಸಕ್ಕನೆ ನಕ್ಕಳು.

ಉಳಿದದ್ದು ಬಟ್ಟಲು. ಅಂಚು ದುಂಡಗಿದ್ದ ಸಣ್ಣ ಸ್ಟೀಲ್ ಬಟ್ಟಲೊಂದನ್ನು ನಾನು ತಂದೆ. ಕೂಸನ್ನು ನೆಟ್ಟಗೆ ಕೂರಿಸಿ, ಕೆಳತುಟಿಗೆ ಬಟ್ಟಲನ್ನು ಮೆಲ್ಲಗೆ ಸೋಕಿಸಬೇಕು, ಸುರಿಯಬಾರದು, ಅದೇ ತುಟಿ ಮುಂದೆ ಮಾಡಿ ಹೀರುವವರೆಗೆ ಕಾಯಬೇಕು. ಸಂಘಟನೆಗೆ ಬರುವ ನರ್ಸ್ ಒಬ್ಬರು ಹೇಳಿಕೊಟ್ಟದ್ದು ಇಷ್ಟೇ. ತೆಳ್ಳಗೆ ಕಾಯಿಸಿದ ರಾಗಿ ಗಂಜಿಯನ್ನು ಆರಿಸಿ ಹಾಕಿದೆವು. ಬೆಳಗ್ಗೆ ತಾಯಿ ಹಿಂಡಿ ಮುಚ್ಚಿಟ್ಟ ಹಾಲನ್ನೂ ಹಾಕಿ ನೋಡಿದೆವು. ಬಟ್ಟಲು ಹತ್ತಿರ ಬಂದಕೂಡಲೇ ಕೂಸು ವಿಚಿತ್ರವಾಗಿ ನಡೆದುಕೊಳ್ಳುತ್ತಿತ್ತು. ಬಾಯಿ ಮುಚ್ಚುತ್ತಿರಲಿಲ್ಲ, ಅಳುತ್ತಿರಲಿಲ್ಲ. ಕತ್ತನ್ನು ಹಿಂದಕ್ಕೆ ವಾಲಿಸಿ, ಗೂಡಿನ ಹಕ್ಕಿಮರಿಯಂತೆ ಬಾಯನ್ನು ಅಗಲವಾಗಿ ತೆರೆದು, ಮೇಲೆ ನೋಡುತ್ತಾ ಕಾಯುತ್ತಿತ್ತು. ಬಟ್ಟಲು ತುಟಿಗೆ ತಗುಲಿದರೆ ಬೆಚ್ಚಿ ಕೈಯಿಂದ ದೂಡುತ್ತಿತ್ತು. ಗಂಜಿ ಕುತ್ತಿಗೆಯಿಂದ ಇಳಿದು ಹೊಟ್ಟೆಯನ್ನು ಹೊರಗಿನಿಂದ ತುಂಬುತ್ತಿತ್ತು.

"ಕುಡಿವಲ್ಲಳ್ರೀ ಅಕ್ಕಾರ. ಮ್ಯಾಲ ಏನು ನೋಡ್ತಾಳೋ ಏನೋ" ಎಂದು ತಾಯಿ ದಿನವೂ ಚಾಪೆ ಒಗೆದು ಒಣಹಾಕುತ್ತಿದ್ದಳು. ವಾರದ ಕೊನೆ ಹತ್ತಿರ ಬಂದಂತೆ ಆಕೆ ಮಾತು ಕಡಿಮೆ ಮಾಡಿದಳು. ಕೂಸಿನ ಬಟ್ಟೆಗಳನ್ನು ಮಡಿಸಿ ಒಂದು ಚೀಲದ ಪಕ್ಕದಲ್ಲಿಟ್ಟಿದ್ದನ್ನು ನಾನು ನೋಡಿದೆ. ಚೀಲದೊಳಕ್ಕೆ ಹಾಕಿರಲಿಲ್ಲ.

ಭಾನುವಾರ ಬೆಳಗ್ಗೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ವಾರದ ಉಳಿದ ದಿನ ನಾನು ದಾಸರಹಳ್ಳಿಯ ಅಂಗಡಿಯಲ್ಲಿ ಚಹಾ ಕುಡಿಯುವವಳು. ಮನೆಯಲ್ಲಿ ನೀರು ಕುಡಿದರೆ ಹಳೆಯ ಅಭ್ಯಾಸದಿಂದ ಎತ್ತಿಯೇ ಕುಡಿಯುವವಳು. ಅಂದು ಬಿಸಿ ಚಹಾವನ್ನು ಲೋಟಕ್ಕೆ ತುಟಿ ಹಚ್ಚಿ ಹೀರಿದೆ. ಸೊರ್ ಎಂದು ಸದ್ದಾಯಿತು. ಚಾಪೆಯ ಮೇಲಿದ್ದ ಕೂಸು ತಿರುಗಿ ನೋಡಿತು. ಮತ್ತೊಮ್ಮೆ ಹೀರಿದೆ. ಅದು ಹೊಟ್ಟೆಯ ಮೇಲೆ ತೆವಳುತ್ತಾ ಮೆಟ್ಟಿಲಿನವರೆಗೆ ಬಂದು, ನನ್ನ ಮೊಣಕಾಲು ಹಿಡಿದು ಎದ್ದು, ನನ್ನ ತುಟಿಗಳನ್ನು ದಿಟ್ಟಿಸಿತು. ಕೈ ಚಾಚಿ ತುಟಿಯನ್ನು ಮುಟ್ಟಿಯೇ ನೋಡಿತು. ಹುಟ್ಟಿದಂದಿನಿಂದ ಅದು ಅಂಥ ದೃಶ್ಯವನ್ನು ಕಂಡೇ ಇರಲಿಲ್ಲ!

ನಾನು ತಾಯಿಯನ್ನು ಕರೆದೆ. "ನೀನು ನೀರು ಹೇಗೆ ಕುಡಿಯುತ್ತೀ, ಒಮ್ಮೆ ಕುಡಿದು ತೋರಿಸು" ಎಂದೆ. ಆಕೆ ಗಾಬರಿಯಿಂದ ತಂಬಿಗೆ ತಂದು, ತಲೆ ಹಿಂದಕ್ಕೆ ಮಾಡಿ, ಮೇಲಿನಿಂದ ಧಾರೆ ಬಿಟ್ಟುಕೊಂಡಳು. ಕೂಸು ಅವಳನ್ನು ನೋಡಿ ತಾನೂ ತಲೆ ಹಿಂದಕ್ಕೆ ಮಾಡಿ ಬಾಯಿ ತೆರೆಯಿತು. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಗಟ್ಟಿಯಾಗಿ ನಕ್ಕಳು.

"ಅಯ್ಯೋ ಕಳ್ಳಿ! ನಮ್ಮನ್ನ ನೋಡಿ ಕಲ್ತವ್ಳೆ! ಒಳ್ಳೆ ಮನೆತನದ ಬುದ್ಧಿ ಬಿಡು ಇವಳ್ದು."

"ನಿನಗೆ ಯಾರು ಕಲಿಸಿದರು ಹೀಗೆ ಕುಡಿಯುವುದನ್ನು?" ಎಂದು ನಾನು ಆ ತಾಯಿಯನ್ನು ಕೇಳಿದೆ.

"ನಮ್ಮವ್ವ ಕಲಸಿದ್ಲು. ನಮ್ಮೂರಾಗ ಹೋಟೆಲ್ ಒಳಗ ಬಿಡೂದಿಲ್ರೀ ಅಕ್ಕಾರ. ಹೊರಗ ನಿಂತು ಬೊಗಸಿ ಒಡ್ಡಿದ್ರ ಮ್ಯಾಲಿಂದ ನೀರು ಹಾಕ್ತಾರ. ದೊಡ್ಡವರ ಹೊಲಕ್ಕ ಕೂಲಿಗೆ ಹೋದಾಗ ತಂಬಿಗಿ ಕೊಟ್ರೂ ಅದಕ್ಕ ಬಾಯಿ ಹಚ್ಚಂಗಿಲ್ಲ. ಹಚ್ಚಿದ್ರ ಬೈಸಿಕೋಬೇಕು, ತಂಬಿಗಿ ರೊಕ್ಕಾನೂ ಕೊಡಬೇಕು. ಅದಕ್ಕ ಸಣ್ಣಾಕಿ ಇದ್ದಾಗಲೇ ಎತ್ತಿ ಕುಡಿಯೂದು ಕಲಸಿದ್ಲು." ಅದನ್ನು ಆಕೆ ಯಾವ ಕಹಿಯೂ ಇಲ್ಲದೆ, ರೊಟ್ಟಿ ತಟ್ಟುವುದನ್ನು ಕಲಿತ ಬಗೆಯನ್ನು ಹೇಳುವಂತೆ ಹೇಳಿದಳು.

ಅಮ್ಮನ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಹಾಗೆಯೇ ನಿಂತಿತು. ಒಂದೇ ಹಿತ್ತಲಿನಲ್ಲಿ ಇಬ್ಬರು ಹೆಂಗಸರು ಒಂದೇ ರೀತಿಯಲ್ಲಿ ತಲೆಯೆತ್ತಿ ನೀರು ಕುಡಿಯುತ್ತಿದ್ದರು. ಒಬ್ಬಳಿಗೆ ಲೋಟದ ಎಂಜಲು ತನ್ನನ್ನು ಮುಟ್ಟೀತೆಂಬ ಅಂಜಿಕೆಯನ್ನು ಕಲಿಸಲಾಗಿತ್ತು. ಇನ್ನೊಬ್ಬಳಿಗೆ ಅವಳ ಬಾಯಿಯೇ ಎಂಜಲೆಂದು ಕಲಿಸಲಾಗಿತ್ತು. ಆ ಎರಡೂ ಪಾಠಗಳು ಏನೂ ಅರಿಯದ ಕೂಸಿನ ಬಾಯಿಯನ್ನು ಆಕಾಶಕ್ಕೆ ತೆರೆದಿದ್ದವು. ನನಗೆ ಸಿಟ್ಟು ಬಂತು.

ಆದರೆ ಸಿಟ್ಟಿಗಿಂತ ಅವಸರ ದೊಡ್ಡದಿತ್ತು. ಮರುದಿನವೇ ಸೋಮವಾರ. ಕೂಸು ನೋಡಿ ಕಲಿಯುವುದಾದರೆ, ಯಾರಾದರೂ ಎದುರಿಗೆ ಕುಳಿತು ತುಟಿ ಹಚ್ಚಿ ಕುಡಿಯಬೇಕು. ಹಗಲಿಡೀ ನಾನು ಮನೆಯಲ್ಲಿರುವುದಿಲ್ಲ. ತಾಯಿ ಎದುರಿಗಿದ್ದರೆ ಕೂಸು ಬಟ್ಟಲನ್ನು ಬಿಟ್ಟು ಸೆರಗಿಗೆ ಕೈ ಹಾಕುತ್ತದೆ. ನಾವಿಬ್ಬರೂ ಅಮ್ಮನ ಕಡೆ ನೋಡಿದೆವು.

"ನಾನಾ? ಈ ವಯಸ್ನಾಗೆ ಲ್ವಾಟ ಕಚ್ಚೋದಾ? ಹೋಗ್ರೇ!"

ಕೂಸು ನನ್ನ ಖಾಲಿ ಲೋಟವನ್ನು ನೆಕ್ಕುತ್ತಿತ್ತು. ಅಮ್ಮ ಸೊಪ್ಪನ್ನು ಸರಿಸಿ, ಸೆರಗಿಗೆ ಕೈ ಒರೆಸಿ, ಒಳಗೆ ಹೋಗಿ ತನ್ನ ಲೋಟದಲ್ಲಿ ನೀರು ತಂದಳು. ಕೂಸಿನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಲೋಟವನ್ನು ತುಟಿಗೆ ತಂದಳು.

ಅವಳಿಗೆ ಬರಲಿಲ್ಲ! ಜೀವಮಾನವಿಡೀ ಮೇಲಿನಿಂದ ಧಾರೆ ಬಿಟ್ಟುಕೊಂಡವಳು ಅಭ್ಯಾಸಬಲದಿಂದ ಲೋಟವನ್ನು ಹೆಚ್ಚು ಬಗ್ಗಿಸಿದಳು. ಅಂಚು ಹಲ್ಲಿಗೆ ಟಣ್ ಎಂದು ಬಡಿಯಿತು. ನೀರು ಎರಡು ಕಡೆಯಿಂದಲೂ ಇಳಿದು ರವಿಕೆಯನ್ನು ತೋಯಿಸಿತು. ಕೂಸು ಒಂದು ಕ್ಷಣ ಬೆರಗಾಗಿ ನೋಡಿ, ಕೇಕೆ ಹಾಕಿ ನಕ್ಕಿತು. ಹಿತ್ತಲಿನಲ್ಲಿ ಕುಡಿಯಲು ಬಾರದವರು ತಾನೊಬ್ಬಳೇ ಅಲ್ಲ ಎಂಬುದು ಅದಕ್ಕೆ ಸಮಾಧಾನ ತಂದಿತೋ ಏನೋ.

"ನಗ್ತೀಯಾ ನೀನು? ನೀನು ಕುಡಿ ನೋಡಾನ!" ಎಂದು ಅಮ್ಮ ಎರಡನೆಯ ಸಲ ಮೆಲ್ಲಗೆ ಹೀರಿದಳು, ತುಟಿಯನ್ನು ಬೇಕೆಂದೇ ಮುಂದಕ್ಕೆ ಚೂಪು ಮಾಡಿ, ನನಗಿಂತ ಜೋರಾಗಿ ಸದ್ದು ಮಾಡುತ್ತಾ. ಕೂಸಿನ ತುಟಿಗಳೂ ಚೂಪಾದವು. ತಾಯಿ ಹಿಂದಿನಿಂದ ಗಂಜಿಯ ಬಟ್ಟಲನ್ನು ಅದರ ಕೆಳತುಟಿಗೆ ಸೋಕಿಸಿ ಉಸಿರು ಹಿಡಿದು ಕಾದಳು. ಕತ್ತು ಹಿಂದಕ್ಕೆ ಹೋಗಲಿಲ್ಲ. ತುಟಿ ಅಂಚನ್ನು ಹಿಡಿಯಿತು. ಒಂದು ಗುಟುಕು ಒಳಗೆ ಹೋದದ್ದು ಗಂಟಲಿನಲ್ಲಿ ಕಾಣಿಸಿತು. ಅಮ್ಮ ಒಂದು ಗುಟುಕು, ಕೂಸು ಒಂದು ಗುಟುಕು. ನಡುವೆ ಕೆಮ್ಮು, ನಡುವೆ ಚೆಲ್ಲಾಟ. ಆದರೂ ಬಟ್ಟಲಿನ ಗಂಜಿ ಇಳಿಯುತ್ತಾ ಹೋಯಿತು.

ಆಮೇಲೆ ಕೂಸು ಆ ವಯಸ್ಸಿನ ಮಕ್ಕಳೆಲ್ಲ ಮಾಡುವುದನ್ನೇ ಮಾಡಿತು. ಬಟ್ಟಲನ್ನು ಎರಡೂ ಕೈಗಳಿಂದ ಹಿಡಿದು, ಜೊಲ್ಲು ಸುರಿಯುತ್ತಿದ್ದ ಆ ಬಟ್ಟಲನ್ನೇ ಅಮ್ಮನ ಬಾಯಿಯ ಕಡೆ ಚಾಚಿತು. ನೀನೂ ಕುಡಿ.

ತಾಯಿ ಸರಕ್ಕನೆ ಕೈ ಮುಂದೆ ಮಾಡಿದಳು. "ಬ್ಯಾಡ್ರೀ ಅಮ್ಮಾರ, ಎಂಜಲದ. ಇಲ್ಲಿ ಕೊಡವ್ವಾ, ಕೊಡು."

ಕೂಸು ಕೊಡಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿತ್ತು. ಅಮ್ಮ ಬಟ್ಟಲನ್ನೂ, ಅದನ್ನು ಹಿಡಿದಿದ್ದ ಗಂಜಿ ಮೆತ್ತಿದ ಬೆರಳುಗಳನ್ನೂ ನೋಡಿದಳು.

"ಸುಮ್ಕಿರವ್ವ. ಮಗು ಕೊಡ್ತಾ ಐತೆ" ಎಂದು ಬಗ್ಗಿ, ಆ ಅಂಚಿಗೇ ತುಟಿ ಹಚ್ಚಿ ಹೀರಿದಳು. ನುಂಗಿದಳು. "ಸಪ್ಪೆ. ಉಪ್ಪು ಹಾಕಿಲ್ವಾ?"

"ಅಷ್ಟು ಚಿಕ್ಕ ಮಗುವಿಗೆ ಉಪ್ಪು ಹಾಕಬಾರದು ಕಣಮ್ಮ."

"ಅದ್ಕೂ ಕಾನೂನು ಐತಾ ನಿಂದು?"

ಅಂದು ನಮ್ಮ ಮನೆಯಲ್ಲಿ ಜಾತಿ ಅಳಿಯಿತು ಎಂದು ಬರೆಯುವ ಆಸೆ ನನಗಿದೆ. ಹಾಗಾಗಲಿಲ್ಲ. ಮರುದಿನ ಬೆಳಗ್ಗೆ ಕೂಸಿನ ಬಟ್ಟಲು ನಮ್ಮ ಅಡುಗೆಮನೆಯ ಪಾತ್ರೆಗಳ ಜೊತೆ ಒಳಗಿತ್ತು. ತಾಯಿಯ ಲೋಟ ಕಿಟಕಿಯಲ್ಲೇ ಇತ್ತು. ನಾನು ಮತ್ತೆ ಜಗಳವಾಡಿದೆ. ಆ ಜಗಳ ಮುಗಿಯಲು ಇನ್ನೂ ಬಹಳ ಕಾಲ ಹಿಡಿಯಿತು. ಆದರೂ ನನ್ನ ವಾದಗಳು ಎಷ್ಟೋ ವರ್ಷ ತಟ್ಟಿದ ಬಾಗಿಲಿನಲ್ಲಿ ಅಂದು ಒಂದು ಬಿರುಕು ಕಂಡಿತೆಂಬುದನ್ನು ನಾನು ಅಲ್ಲಗಳೆಯಲಾರೆ.

ಸೋಮವಾರ ನಾನು ಬೇಗ ಮನೆಗೆ ಬಂದೆ. ಹಿತ್ತಲಿನಲ್ಲಿ ಅಮ್ಮ ತೂಕಡಿಸುತ್ತಿದ್ದಳು. ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಶಿಫ್ಟ್ ಬಿಟ್ಟ ಸ್ವಲ್ಪ ಹೊತ್ತಿಗೆ ತಾಯಿ ಬಂದಳು, ಓಡುತ್ತಲೇ ಬಂದಿದ್ದಳು. ಸೆರಗನ್ನು ಎದೆಗೆ ಎರಡು ಸುತ್ತು ಬಿಗಿದಿದ್ದಳು. ಅದರ ಕೆಳಗೂ ಕುಪ್ಪಸ ತೋಯ್ದದ್ದು ಕಾಣುತ್ತಿತ್ತು. ಹಾಲು ಕಟ್ಟಿ ನೋಯುವ ಎದೆಯನ್ನು ಹೊತ್ತು ದಿನವಿಡೀ ಮಿಷನ್ ತುಳಿಯುವ ತಾಯಂದಿರಿದ್ದಾರೆ. ಬೀಗ ಹಾಕಿದ ಶಿಶುವಿಹಾರ ಅವರಿಂದ ಕೆಲವೇ ಹೆಜ್ಜೆಗಳಾಚೆ ಇರುತ್ತದೆ. ಒಬ್ಬ ತಾಯಿಯೂ ಮಗುವೂ ಒಂದೇ ಊರಿನಲ್ಲಿ ಬಾಳಲು ಒಬ್ಬ ಮುದುಕಿಯ ಒಳ್ಳೆಯ ಮನಸ್ಸನ್ನು ನೆಚ್ಚಿಕೊಳ್ಳಬೇಕಾಗಿ ಬಂದದ್ದು ಅನ್ಯಾಯವೇ. ಅಮ್ಮನ ಮೇಲಿನ ಕೃತಜ್ಞತೆ ಆ ಅನ್ಯಾಯವನ್ನು ಮುಚ್ಚಬಾರದು.

"ಕುಡುದ್ಳೇನ್ರೀ?" ಎಂದು ಆಕೆ ಬಾಗಿಲಿನಿಂದಲೇ ಕೇಳಿದಳು.

"ಕುಡುದ್ಲು ಕಣವ್ವ. ನೀ ಹಿಂಡಿಟ್ಟಿದ್ದೂ ಕುಡುದ್ಲು, ಗಂಜೀನೂ ಕುಡುದ್ಲು. ನನ್ನ ಕಾಫಿಗೂ ಬಂದಿದ್ಲು, ಕೊಡ್ಲಿಲ್ಲ."

"ಅತ್ತಳೇನ್ರೀ?"

ಅಮ್ಮ ಕೂಸಿನ ತಲೆ ನೇವರಿಸಿದಳು. "ಮಧ್ಯಾಹ್ನ ಬಾಗ್ಲು ನೋಡ್ಕೊಂಡು ಒಸಿ ಅತ್ಲು. ಆಮ್ಯಾಕೆ ಸರಿಹೋದ್ಲು."

ತಾಯಿ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. "ನಾ ಇಲ್ದನೂ ಕುಡುದ್ಳು" ಎಂದಳು. ಅದು ನೆಮ್ಮದಿಯೋ ನೋವೋ ನನಗೆ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ಅಷ್ಟರಲ್ಲಿ ಕೂಸು ದನಿ ಕೇಳಿ ಎಚ್ಚರಗೊಂಡು, ಅಮ್ಮನ ತೊಡೆಯಿಂದ ಜಾರಿ, ನೆಲದ ಮೇಲೆ ತೆವಳುತ್ತಾ ಹೋಗಿ ತಾಯಿಯ ಕಾಲನ್ನು ಹಿಡಿಯಿತು. ಆಕೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು.

ಗಂಡ ಬಂದಾಗಲೂ ಕೂಸು ಹಾಲು ಕುಡಿಯುತ್ತಲೇ ಇತ್ತು. ಆತ ಅಮ್ಮನ ಕಡೆ ನೋಡಿದ. ಅಮ್ಮ ಹೌದೆಂದು ತಲೆಯಾಡಿಸಿದಳು. ಆತ ಜೇಬಿನಿಂದ ಫೋನ್ ತೆಗೆದು, ಹಿತ್ತಲಿಗೆಲ್ಲ ಕೇಳುವಂತೆ, ದೂರದ ಊರಿಗೆ ಕೂಗಿ ಹೇಳುವವನಂತೆ ಹೇಳಿದ:

"ಯವ್ವಾ, ನಾಳಿ ಹೊರಡಬ್ಯಾಡ. ಕೂಸು ಇಲ್ಲೇ ಇರ್ತದ. ಹಬ್ಬಕ್ಕ ಬಾ, ನೋಡ್ಲಿಕ್ಕ ಬಾ. ಒಯ್ಯಲಿಕ್ಕ ಬ್ಯಾಡ."